ಗಂಟಲಿಗೆ ಬಂದ ಕಹಿ

ನಮ್ಮ ಜಗಲಿಯಲ್ಲಿ ಹಲಸಿನ ಮರದ ಒಂದು ಉದ್ದ ಬೆಂಚಿದೆ. ಅದರ ಒಂದು ತುದಿ ಬಂದವರಿಗೆ ಕೂರಲಿಕ್ಕೆ, ಇನ್ನೊಂದು ತುದಿ ಅತ್ತೆಯ ಚಿಕಿತ್ಸೆಗೆ. ಶೀತವಾದವರು, ನಿದ್ದೆ ಬಾರದವರು, ತಲೆ ಭಾರ ಅಂದವರು ಯಾರೇ ಆಗಲಿ, ಅಲ್ಲಿ ಅಂಗಾತ ಮಲಗಿ ತಲೆಯನ್ನು ತುದಿಯಿಂದ ಆಚೆ ಇಳಿಬಿಡಬೇಕು. ಅತ್ತೆ ಬೆಚ್ಚಗಿನ ತುಪ್ಪವನ್ನು ಹೊಳ್ಳೆಗಳಿಗೆ ಬಿಟ್ಟು, “ಎಳಿ, ಗಟ್ಟಿ ಎಳಿ” ಅನ್ನುತ್ತಾರೆ. ತುಪ್ಪ ಗಂಟಲಿಗೆ ಇಳಿಯಿತು ಅಂತ ಹೇಳುವವರೆಗೆ ಏಳಲು ಬಿಡುವುದಿಲ್ಲ.

ನನ್ನದು ಆ ತುಪ್ಪಕ್ಕೆ ಜಗ್ಗುವ ತಲೆನೋವಲ್ಲ. ಮೊದಲು ಕಣ್ಣಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಬೆಳಕು ಓಡುತ್ತದೆ. ಆಮೇಲೆ ಬಲಗಡೆಯ ಅರ್ಧ ತಲೆ ಮಾತ್ರ ಸಿಡಿಯಲು ತೊಡಗುತ್ತದೆ. ಒಗ್ಗರಣೆಯ ವಾಸನೆಗೂ ವಾಕರಿಕೆ. ನುಂಗಿದ ಮಾತ್ರೆ ಹಾಗೆಯೇ ವಾಪಸು ಬರುತ್ತಿತ್ತು. ಪುತ್ತೂರಿನ ಡಾಕ್ಟರಮ್ಮ ಅದಕ್ಕೇ ಮೂಗಿಗೆ ಬಿಡುವ ಸ್ಪ್ರೇ ಬರೆದುಕೊಟ್ಟರು. ಮೈಗ್ರೇನ್ ಬಂದಾಗ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದಂತೆ. ಮಾತ್ರೆ ಒಳಗೆ ಉಳಿದರೂ ಅಲ್ಲೇ ಕೂತಿರುತ್ತದಂತೆ.

ಮೂಗಿನ ಮದ್ದು ಅಂದದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿದರು. “ಹಾಗಾದ್ರೆ ಬೆಂಚಿಗೆ ಬಾ.”

ಮೂಗು ಒಣಗಿರಬಾರದೆಂದು ಮೊದಲು ತುಪ್ಪ. ಅದರ ಮೇಲೆ ಸ್ಪ್ರೇ. ತಲೆ ಕೆಳಗೆ ಜೋತುಬಿದ್ದಿದ್ದ ನಾನು ಇದ್ದ ಉಸಿರನ್ನೆಲ್ಲ ಹಾಕಿ ಎಳೆದೆ. ಹಾಗಲಕಾಯಿ ಅರೆದು ಕುಡಿದ ಹಾಗೆ ಗಂಟಲು ಕಹಿಯಾಯಿತು.

“ಕಹಿ ಬಂತಾ?”

“ಬಂತು.”

“ಹಾಂ, ಇನ್ನು ನೋಡು. ಗಂಟಲು ಮುಟ್ಟದೆ ಮದ್ದು ಕೆಲಸ ಮಾಡುದುಂಟಾ?”

ಕೆಲಸ ಮಾಡಲಿಲ್ಲ. ಮುಂದಿನ ಸಲವೂ ಅಷ್ಟೇ. ನನ್ನ ನೋವಾದರೆ ಹೇಗೋ ಸಹಿಸಬಹುದಿತ್ತು. ಆದರೆ ಆ ಎರಡೂ ಸಲ ತಲೆನೋವು ಬಂದದ್ದು ಅತ್ತೆಯನ್ನು ಕಣ್ಣಿನ ಪೊರೆ ತೆಗೆಸಲು ಪುತ್ತೂರಿಗೆ ಕರೆದುಕೊಂಡು ಹೋಗಬೇಕಾದ ಬೆಳಗ್ಗೆಯೇ. ಮಗನ ಜೊತೆ ಹೋಗಿ ಅಂದರೆ ಅತ್ತೆ ಒಪ್ಪುವುದಿಲ್ಲ. ನಮ್ಮವರು ಕಡಬ–ಸುಬ್ರಹ್ಮಣ್ಯದ ನಡುವೆ ಜೀಪು ಓಡಿಸುವವರು. “ಅವ ಡಾಕ್ಟ್ರು ಹೇಳಿದ್ದಕ್ಕೆಲ್ಲ ಹೂಂ ಅಂತಾನೆ. ಹೊರಗೆ ಬಂದು ಎಂತ ಹೇಳಿದ್ರಾ ಅಂತ ಕೇಳಿದ್ರೆ, ಎಂತದೋ ಹೇಳಿದ್ರು ಅಂತಾನೆ. ನನ್ನ ಕಣ್ಣನ್ನು ಅವನ ಕೈಲಿ ಕೊಡ್ಲಿಕ್ಕೆ ನಂಗೆ ಧೈರ್ಯ ಇಲ್ಲ ಮಾರಾಯ್ತಿ.”

ಆ ಕಣ್ಣಾದರೋ ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಒಂದು ದಿನ ಒಲೆಯ ಪಕ್ಕ ಮಲಗಿದ್ದ ಕಪ್ಪು ಬೆಕ್ಕನ್ನು ಮಸಿಬಟ್ಟೆ ಅಂದುಕೊಂಡು ಎತ್ತಿ, ಕುದಿಯುವ ಸಾರಿನ ಪಾತ್ರೆ ಇಳಿಸಲು ಕೈ ಹಾಕಿದ್ದರು. ಬೆಕ್ಕು ಕಿರುಚಿ ಹಾರಿತು, ಸಾರು ಚೆಲ್ಲಿತು, ಪುಣ್ಯಕ್ಕೆ ಕೈ ಸುಡಲಿಲ್ಲ. ನಾವೆಲ್ಲ ನಕ್ಕೆವು. ಅತ್ತೆಯೂ ನಕ್ಕರು. ಆಮೇಲೆ ಒಲೆಯ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದರು. ಪೊರೆ ಗಟ್ಟಿಯಾದಷ್ಟೂ ಆಪರೇಷನ್ ಕಷ್ಟ, ಎರಡು ಸಲ ಮುಂದೂಡಿದ್ದು ಸಾಕು ಅಂತ ಕಣ್ಣಿನ ಆಸ್ಪತ್ರೆಯವರು ಎಚ್ಚರಿಸಿದ್ದರು.

ಹಾಗಾಗಿ ಮೂರನೆಯ ಸಲ ಕೊಟ್ಟ ದಿನ ಬರುವ ಮೊದಲೇ ನಾನು ಡಾಕ್ಟರಮ್ಮನ ಹತ್ತಿರ ಹೋಗಿ, ಸ್ಪ್ರೇ ಕೆಲಸ ಮಾಡಲಿಲ್ಲ ಅಂತ ಹೇಳಿದೆ.

“ಹೇಗೆ ಹಾಕ್ಕೊಳ್ತೀರಿ, ಒಮ್ಮೆ ತೋರಿಸಿ ನೋಡುವ.”

ನಾನು ಪರೀಕ್ಷೆಯ ಮಂಚ ಹತ್ತಿ ಮಲಗಿ, ತುದಿಯಿಂದ ತಲೆ ಇಳಿಬಿಟ್ಟೆ. ಆಮೇಲೆ ಡಾಕ್ಟರಮ್ಮನ ಮುಖ ತಲೆಕೆಳಗಾಗಿ ನನ್ನ ಮುಂದೆ ಬಂತು. ನಗು ತಡೆದುಕೊಂಡದ್ದು ಗೊತ್ತಾಗುತ್ತಿತ್ತು.

“ಇದು ಯಾರು ಕಲಿಸಿದ್ದು?”

“ಅತ್ತೆ. ಮೊದಲು ತುಪ್ಪ, ಮತ್ತೆ ಇದು.”

“ಅಯ್ಯೋ, ತುಪ್ಪವೂ ಉಂಟಾ? ಏಳಿ, ಏಳಿ.”

ಅವರು ಕೂರಿಸಿ ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಮೂಗಿನ ಒಳಗೆ ಒದ್ದೆಯಾದ ತೆಳು ಚರ್ಮ. ಅದರ ಅಡಿಯಲ್ಲೇ ನವಿರಾದ ರಕ್ತನಾಳಗಳ ಬಲೆ. ಮದ್ದು ಆ ಚರ್ಮಕ್ಕೆ ಅಂಟಿ ನಿಂತರೆ ಅಲ್ಲಿಂದಲೇ ರಕ್ತಕ್ಕೆ ಇಂಗುತ್ತದೆ, ಹೊಟ್ಟೆಯನ್ನು ಕಾಯಬೇಕಾಗಿಲ್ಲ. ತುಪ್ಪ ಹಚ್ಚಿದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರಬಹುದು. ತಲೆ ಜೋತುಬಿಟ್ಟು ಗಟ್ಟಿ ಎಳೆದರಂತೂ ಮದ್ದು ಮೂಗು ದಾಟಿ ಗಂಟಲಿಗೆ, ಅಲ್ಲಿಂದ ಆ ಮಂದವಾದ ಹೊಟ್ಟೆಗೇ. ಸ್ವಲ್ಪ ಹೇಗಿದ್ದರೂ ಇಳಿಯುತ್ತದೆ, ಎಲ್ಲ ಇಳಿಯಬಾರದು. ಸಿಂಬಳ ಮೆಲ್ಲಗೆ ಸೀಟಿ ಮೂಗು ಹಸನು ಮಾಡಿ, ತಲೆ ನೆಟ್ಟಗಿಟ್ಟು, ಹಗುರ ಉಸಿರಿನಲ್ಲಿ ಬಿಟ್ಟುಕೊಳ್ಳಬೇಕು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಬೆಂಚಿನ ಅಂಚನ್ನು ಸವರುತ್ತಾ ಕೂತರು.

“ಹಾಗಾದ್ರೆ ಇಷ್ಟು ದಿನ ನಿನ್ನ ಮದ್ದು ಹಾಳು ಮಾಡಿದ್ದು ನಾನಾ?”

“ಹಾಳು ಎಂತದು? ನೀವು ಶೀತಕ್ಕೆ ಮಾಡುವ ಹಾಗೆ ಮಾಡಿದ್ರಿ. ಡಾಕ್ಟ್ರ ಹತ್ರ ಕೇಳದೆ ಇದ್ದದ್ದು ನಾನೂ ಅಲ್ವಾ?”

ಮರುದಿನ ಬೆಳಗ್ಗೆ ತುಪ್ಪದ ಗಿಂಡಿ ಹೊರಗೆ ಬರಲೇ ಇಲ್ಲ.

ಆಪರೇಷನ್ನಿನ ದಿನ ಮೊದಲ ಬಸ್ಸು ಹಿಡಿದೆವು. ಕಾಣಿಯೂರು ದಾಟುವಾಗ ಎಳೆಬಿಸಿಲು ಮರಗಳ ನಡುವೆ ಮಿಣುಕಿ ಮಿಣುಕಿ ಕಣ್ಣಿಗೆ ಹೊಡೆಯುತ್ತಿತ್ತು. ಸವಣೂರು ಬರುವಾಗ ಕಣ್ಣಂಚಿನಲ್ಲಿ ಗರಗಸ ಶುರುವಾಯಿತು.

ನಾನು ಏನೂ ಹೇಳಿರಲಿಲ್ಲ. ಅತ್ತೆ ನನ್ನ ಕೈ ಮುಟ್ಟಿ ಕೇಳಿದರು. “ಬಂತಾ?”

“ಬಂತು ಅತ್ತೆ.”

“ಇಳಿದು ವಾಪಸು ಹೋಗುವಾ? ನಂದು ಇನ್ನೊಂದು ದಿನ ಆಗ್ತದೆ.” ದನಿ ಮಾತ್ರ ಸಣ್ಣಗಾಗಿತ್ತು.

ಬೇಡ ಅಂದೆ. ಸವಣೂರಿನ ಪೇಟೆಯಲ್ಲಿ ಬಸ್ಸು ನಿಂತಾಗ ಚೀಲದಿಂದ ಸ್ಪ್ರೇ ತೆಗೆದೆ. ಅಷ್ಟರಲ್ಲಿ ಅತ್ತೆ ಒಂದು ಕೈಯನ್ನು ನನ್ನ ಹಿಂದಲೆಗೆ, ಇನ್ನೊಂದನ್ನು ಗಲ್ಲಕ್ಕೆ ಆನಿಸಿದ್ದರು. ಕಣ್ಣು ಕಾಣದಿದ್ದರೂ ನನ್ನ ತಲೆ ಒಂದಿಷ್ಟೂ ಹಿಂದೆ ಬಾಗದ ಹಾಗೆ ಹಿಡಿದಿದ್ದರು.

“ಎಳೀಬೇಡ,” ಅಂದರು. “ಎಳೀಬೇಡ ಆಯ್ತಾ. ಹೂವು ಮೂಸಿದ ಹಾಗೆ.”

ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು. “ಎಂತಾಯ್ತು ಅವ್ರಿಗೆ?”

“ಎಂತ ಇಲ್ಲ, ಮದ್ದು ಇಂಗ್ತಾ ಉಂಟು,” ಅಂದರು ಅತ್ತೆ. ಮತ್ತೆ ನನ್ನ ಕಿವಿಯಲ್ಲಿ, “ಕಹಿ ಬಂತಾ?”

“ಚೂರೇ ಚೂರು.”

“ದೇವರೇ, ಚೂರೇ ಸಾಕು.”

ಕಣ್ಣು ಮುಚ್ಚಿ ಕೂತೆ. ಪುತ್ತೂರಲ್ಲಿ ಇಳಿಯುವಾಗ ನೋವು ಇತ್ತು, ಆದರೆ ದೂರದಲ್ಲಿತ್ತು. ಪಕ್ಕದ ಮನೆಯಲ್ಲಿ ಯಾರೋ ಒನಕೆ ಕುಟ್ಟಿದ ಹಾಗೆ. ವಾಂತಿಯಾಗಲಿಲ್ಲ. ಆಸ್ಪತ್ರೆಯ ಕಾಫಿಯ ವಾಸನೆಯೂ ಹೊಟ್ಟೆ ತೊಳೆಸಲಿಲ್ಲ. ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗುವವರೆಗೂ ಅವರ ಕೈ ಹಿಡಿದು ನಿಂತಿದ್ದೆ. ಡಾಕ್ಟರು ಹೇಳಿದ್ದೆಲ್ಲ ತಲೆಗೆ ಹೋಯಿತು.

ಈಗ ಬೆಂಚಿನ ಮೇಲೆ ಮಲಗುವ ಸರದಿ ಅತ್ತೆಯದು. ಆಪರೇಷನ್ ಆಗಿ ಬಂದ ಮೊದಲ ದಿನ ಕಣ್ಣಿಗೆ ಮದ್ದಿನ ಹನಿ ಬಿಟ್ಟ ಸ್ವಲ್ಪ ಹೊತ್ತಿಗೆ ಅವರು ಬಾಯಿ ಚಪ್ಪರಿಸಿದರು. “ಏ, ಗಂಟಲಿಗೆ ಕಹಿ ಬಂತು! ಕಣ್ಣಿಗೆ ಹಾಕಿದ್ದು ಗಂಟಲಿಗೆ ಬರುದು ಹೇಗೆ?”

ಕಣ್ಣಿನ ಮೂಲೆಯಿಂದ ಮೂಗಿಗೆ ದಾರಿ ಇದೆಯಂತೆ. ಕಣ್ಣಿನ ಡಾಕ್ಟರು ತೋರಿಸಿದ ಹಾಗೆ, ರೆಪ್ಪೆ ಮುಚ್ಚಿಸಿ, ಹನಿ ಆ ದಾರಿ ಹಿಡಿಯದಂತೆ ಮೂಗಿನ ಬುಡದಲ್ಲಿ ಬೆರಳು ಮೆಲ್ಲಗೆ ಒತ್ತಿ ಹಿಡಿದೆ. ಅತ್ತೆ ಅಲುಗಾಡದೆ ಮಲಗಿದ್ದರು.

ಮೊನ್ನೆ ನನಗೆ ಮತ್ತೆ ಗರಗಸ ಕಾಣಿಸಿತು. ಜಗಲಿಯ ಗೋಡೆಗೆ ಒರಗಿ ಸ್ಪ್ರೇ ಎತ್ತಿದೆ. ಅಂಗಳದ ಆಚೆ ತುದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು.

“ತಲೆ ಹಿಂದೆ ಹೋಗ್ತಾ ಉಂಟು, ನೆಟ್ಟಗೆ! ನಂಗೆ ಕಾಣ್ತದೆ.”