ಫರ್ಸಿ ಗುಡ್ಡದ ಮೊದಲ ಆರೋಹಣ

ದೇಶದ ದೊಡ್ಡ ಶಿಖರಗಳನ್ನು ಮೊದಲು ಏರಿದವರ ಪಾಠ ಮುಗಿಸಿದ ವಾರವೇ ನನಗೂ ಜೊತೆಯ ಟೀಚರಿಗೂ ಹತ್ತುವ ಹುಚ್ಚು ಹಿಡಿಯಿತು. ಶಹಾಬಾದಿನಲ್ಲಿ ಶಿಖರವೆಲ್ಲಿಂದ ಬರಬೇಕು? ಗಣಿಯ ಪಕ್ಕ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಡೆದ ಚೂರು ಸುರಿದು ಸುರಿದು ಎದ್ದ ಗುಡ್ಡವೊಂದಿತ್ತು. ನಮಗೆ ಅಷ್ಟು ಸಾಕಾಯಿತು.

ಭಾನುವಾರ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ಪಾಠದ ಚಿತ್ರದಲ್ಲಿದ್ದಂತೆ ನೀರು ಸೇದುವ ಹಗ್ಗವನ್ನು ಇಬ್ಬರ ಸೊಂಟಕ್ಕೂ ಬಿಗಿದುಕೊಂಡೆವು. ಒಬ್ಬಳು ಜಾರಿದರೆ ಇನ್ನೊಬ್ಬಳು ಹಿಡಿಯಬೇಕೆಂದು ಮಾತಾಗಿತ್ತು. ಆದದ್ದೇ ಬೇರೆ: ಒಬ್ಬಳು ನಕ್ಕರೆ ಇಬ್ಬರೂ ಜಾರುತ್ತಿದ್ದೆವು.

ಏದುಸಿರು ಬಿಡುತ್ತ ತುದಿ ಮುಟ್ಟಿದರೆ, ಅಲ್ಲಿ ಆಡು ಕಾಯುವ ಮುದುಕಿಯೊಬ್ಬಳು ಆರಾಮಾಗಿ ಕೂತು ಮೊಬೈಲಿನಲ್ಲಿ ಮಗಳೊಂದಿಗೆ ಮಾತಾಡುತ್ತಿದ್ದಳು. ಕೆಳಗೆ ಸಿಗ್ನಲ್ ಸಿಗುವುದಿಲ್ಲವಂತೆ.

"ತಡಿಯವ್ವಾ, ಸಾಲಿ ಟೀಚರ್ ಬಂದಾರ," ಎಂದು ಫೋನು ಇಳಿಸಿ, ನಮ್ಮ ಹಗ್ಗವನ್ನೇ ನೋಡಿದಳು. "ಕುಂದ್ರಿ. ಟ್ರ್ಯಾಕ್ಟರ್ ಹೋಗೋ ದಾರಿ ಈ ಕಡಿ ಅದರಿ. ನೀವು ಬಂದ ಕಡಿಂದ ಇಲ್ಲೀತನಕ ಯಾರೂ ಹತ್ತಿಲ್ಲರಿ."

ಸೋಮವಾರ ಮಕ್ಕಳಿಗೆ ಆಕೆಯ ಕೊನೆಯ ಮಾತನ್ನಷ್ಟೇ ಹೇಳಿದೆ.