ನಾನು ಹಾಕಿ ಬಂದ ಗೇಟು

ಎರಡು ವರ್ಷದ ಹಿಂದಿನ ಮಾತು. ಜನವರಿಯ ರಜೆಯಲ್ಲಿ ನಾನು, ನನ್ನ ಪತಿ ಬಸವರಾಜ, ಒಂಬತ್ತು ವರ್ಷದ ಮಗಳು ಅನು ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೋಗೆ ಕ್ಯಾಂಪಿಂಗ್ ಹೊರಟೆವು. ನಾವು ಧಾರವಾಡದವರು, ಈಗ ಮನೆ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ. ನಾನು ಆಸ್ಪತ್ರೆಯಲ್ಲಿ ನರ್ಸ್. ಇವರಿಗೆ ಹಿಂದೆ ಸಾಮಾನಿನ ತೊಟ್ಟಿಯಿರುವ ಹೊಸ ಯೂಟ್ ಗಾಡಿಯನ್ನು ಕಲ್ಲುಮುಳ್ಳಿನ ಮೇಲೆ ಓಡಿಸುವ ಹುಚ್ಚು, ನನಗೆ ಬೆನ್ನುನೋವು.

ಹಸಿರು ದೇಶದಲ್ಲಿ ಅಂಥ ಬೆಂಗಾಡು ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಣಹುಲ್ಲಿನ ಬೋಳುಗುಡ್ಡಗಳು, ಅವನ್ನು ಸೀಳಿದ ಬಂಡೆಗಳ ಕಣಿವೆ, ಚಕ್ರಕ್ಕೆ ಸಿಕ್ಕಿದ ಕಾಡುಗಿಡಗಳಿಂದ ಅಜವಾನದ ವಾಸನೆ. ಕುರಿ ಸಾಕುವವರ ಜಮೀನಿನ ನಡುವೆಯೇ ಮಣ್ಣಿನ ದಾರಿ. ಒಂದು ಕಡೆ ಬೇಲಿಯ ಗೇಟು ಹಾರುಹೊಡೆದಿತ್ತು. ದಾಟಿದ ಮೇಲೆ ನಾನು ಇಳಿದು ಹಾಕಲು ಹೋದೆ.

"ಮಮ್, ಲೀವ್ ಇಟ್! ಇಟ್ ವಾಸ್ ಓಪನ್," ಎಂದು ಅನು ಕೂಗಿದಳು.

"ಸುಮ್ನಿರು. ಮಂದಿ ಗೇಟ ಹಂಗ ಬಿಟ್ಟ ಹೋಗಬಾರ್ದು," ಎಂದು ಗದರಿಸಿ ಸರಪಳಿ ಸಿಕ್ಕಿಸಿ ಬಂದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಬಿಂಕ ಬೇರೆ.

ಕಣಿವೆಯ ತಳದಲ್ಲಿ ಟೆಂಟ್ ಹಾಕಿ ರಾತ್ರಿ ಕಳೆದು, ಮರುದಿನ ಮಧ್ಯಾಹ್ನ ಅದೇ ದಾರಿಯಲ್ಲಿ ಮರಳಿದೆವು. ಗೇಟಿನ ಬಳಿ ನೂರಾರು ಕುರಿಗಳ ಅರಚಾಟ. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಆಗಷ್ಟೇ ಸರಪಳಿ ಬಿಚ್ಚುತ್ತಿದ್ದರು. ಕುರಿಗಳು ಬಿದ್ದೆದ್ದು ಆಚೆಯ ಹಳ್ಳಕ್ಕೆ ಓಡಿದವು. ಈಚೆ ಒಂದು ಹನಿ ನೀರಿರಲಿಲ್ಲ. ಅವು ನೀರಿಗೆ ಹೋಗಲೆಂದೇ ಗೇಟು ತೆರೆದಿಟ್ಟಿದ್ದರು! ಒಂದು ಮುದಿ ಕುರಿ ಮಾತ್ರ ಬಿದ್ದಲ್ಲಿಂದ ಏಳಲಿಲ್ಲ. ಮರಿ ಅರಚುತ್ತ ಅದರ ಸುತ್ತಲೇ ತಿರುಗುತ್ತಿತ್ತು.

"ನಿನ್ನೆ ಈ ಗೇಟು ಹಾಕಿದ್ದು ಯಾರೆಂದು ಗೊತ್ತೇ?" ಎಂದು ಆ ಹೆಂಗಸು ಕೇಳಿದರು.

ಇವರು ಮೆಲ್ಲಗೆ, "ಗೊತ್ತಿಲ್ಲ ಅಂದ್ಬಿಡು, ಸುಮ್ನ ಹೋಗೂಣು," ಎಂದರು. ಹಿಂದಿನ ಸೀಟಿನಲ್ಲಿ ಅನು ಇದ್ದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ.

ತಪ್ಪಾದರೆ ಮೊದಲು ಹೇಳಿ, ಆಮೇಲೆ ಅಳಿ ಎಂದು ವಾರ್ಡಿನ ಹೊಸ ನರ್ಸ್‌ಗಳಿಗೆ ಕಲಿಸುವವಳು ನಾನೇ. ಇಳಿದು ಹೋಗಿ, "ಹಾಕಿದ್ದು ನಾನು," ಎಂದೆ.

ಅವರು ಬೈಯಲಿಲ್ಲ. "ಹಾಗಾದರೆ ಬಾ, ಇದರ ತಲೆ ಹಿಡಿ," ಎಂದರು. ಕುರಿಯನ್ನು ಯೂಟಿನ ನೆರಳಿಗೆ ಎಳೆದೆವು. ಇವರು ಮುಖ ಸಣ್ಣದು ಮಾಡಿಕೊಂಡು ನಮ್ಮ ಉಪ್ಪಿಟ್ಟಿನ ಪಾತ್ರೆಯಲ್ಲಿ ಹಳ್ಳದ ನೀರು ತಂದುಕೊಟ್ಟರು. ಗುಟುಕು ಗುಟುಕಾಗಿ ಕುಡಿಸುತ್ತ, "ಏಳವ್ವ, ಏಳು," ಎನ್ನುತ್ತಲೇ ಇದ್ದೆ. ಮುಕ್ಕಾಲು ಗಂಟೆಯಾದ ಮೇಲೆ ಅದು ಮುಂಗಾಲೂರಿ ಎದ್ದು, ತೂರಾಡುತ್ತ ಮರಿಯ ಹತ್ತಿರ ಹೋಯಿತು. ನಾನು ಅತ್ತೇಬಿಟ್ಟೆ.

"ಬಿಸಿಲು ಜೋರಿದೆ. ಆ ನೀರನ್ನಾದರೂ ಉಳಿಸಿಕೋ," ಎಂದು ಅವರು ನಕ್ಕರು.

ಹೊರಟಾಗ ಹೇಳಿದರು: "ಮುಂದಿನ ಗೇಟು ಹಾಕಿದೆ. ದಾಟಿದ ಮೇಲೆ ನೀನೇ ಹಾಕಿಬಿಡು." ಅಷ್ಟೇ ಹೇಳಿ ಕುರಿಗಳ ಕಡೆ ನಡೆದರು.

ಆ ಗೇಟಿನ ಸರಪಳಿಯನ್ನು ಮೂರು ಸಲ ಎಳೆದು ನೋಡಿದೆ. ಗಾಡಿ ಹತ್ತಿ ಅನುವಿಗೆ, "ನಿನ್ನ ಮಾತು ಕೇಳಬೇಕಿತ್ತು, ತಪ್ಪಾತವ್ವ," ಎಂದೆ. "ಇಟ್ಸ್ ಓಕೆ, ಮಮ್," ಎಂದು ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟಳು.

ಅವರು ಬೈದಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆನೇನೋ. ತಪ್ಪು ಮಾಡಿದ ಕೈಗೇ ಮತ್ತೊಂದು ಗೇಟು ಒಪ್ಪಿಸಿ ಕಳಿಸಿದರಲ್ಲ, ಅದನ್ನು ಮರೆಯಲಾಗುತ್ತಿಲ್ಲ. ವಾರ್ಡಿನಲ್ಲಿ ಹೊಸ ಹುಡುಗಿ ಯಾರಾದರೂ ತಪ್ಪು ಮಾಡಿ ಅಳುತ್ತ ಬಂದು ಹೇಳಿದರೆ, ಮರುದಿನ ಅದೇ ಕೆಲಸವನ್ನು ಅವಳಿಗೇ ಕೊಡುತ್ತೇನೆ.