ಗೋಡೆಯ ಮೇಲಿನ ಬಿಳಿ ಅಂಗೈಗಳು

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಮರುವಾರ ನಡೆದದ್ದು ಇದು. ಪುಂಜಾಲಕಟ್ಟೆಯಲ್ಲಿ ನಮ್ಮ ಹೊಸ ಮನೆಗೆ ತಾರಸಿಯ ಸ್ಲ್ಯಾಬ್ ಹಾಕಿ ಆಗಿತ್ತು, ಪ್ಲಾಸ್ಟರಿಂಗ್ ಇನ್ನೂ ಆಗಿರಲಿಲ್ಲ. ಗೋಡೆಯ ಕೆಂಪುಕಲ್ಲು ಹಾಗೇ ಕಾಣುತ್ತಿತ್ತು. ಕಿಟಕಿಗಳಿಗೆ ಚೌಕಟ್ಟು ಮಾತ್ರ. ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಅದರ ಮೇಲಿನ ಬಾಡಿಗೆ ಕೋಣೆಯಲ್ಲಿ ನಾನೂ ಎಂಟು ವರ್ಷದ ಮಗಳು ಆದ್ಯಾಳೂ ಇದ್ದೆವು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ನಾನು ಆ ಅರ್ಧ ಮನೆಗೆ ಹೋಗಿ, ಹಾಲ್ ಆಗಬೇಕಾದ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಕೂರುತ್ತಿದ್ದೆ. ಖಾಲಿ ಚೌಕಟ್ಟಿನಿಂದ ಬಿಸಿಲು ಬಂದು ನೆಲದ ಮೇಲೆ ನಿಧಾನಕ್ಕೆ ಜರುಗುತ್ತಿತ್ತು. ಇಲ್ಲಿ ಸೋಫಾ, ಅಲ್ಲಿ ದೇವರ ದೀಪ, ಆಚೆ ನನ್ನ ಹೊಲಿಗೆ ಮಿಷನ್ ಎಂದು ಕನಸು ಕಾಣುತ್ತಾ ಕೂತರೆ ಅಂಗಡಿಯ ನೆನಪೇ ಆಗುತ್ತಿರಲಿಲ್ಲ.

ನನ್ನ ಗಂಡ ಹರೀಶ್ ಬಹ್ರೈನ್‌ನ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್. ಎರಡು ವರ್ಷಕ್ಕೊಮ್ಮೆ ರಜೆ. ಮನೆಯ ಕಲ್ಲು, ಸಿಮೆಂಟು ನನ್ನ ಪಾಲಿಗೆ, ಲೈಟು ಮಾತ್ರ ತನ್ನ ಪಾಲಿಗೆ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಹೋಟೆಲಿನ ಲಾಬಿ, ರೂಮು, ಮೆಟ್ಟಿಲು, ಎಲ್ಲದರ ಫೋಟೋ ತೆಗೆದು ಕಳಿಸುತ್ತಿದ್ದರು. ಕೊನೆಗೆ ಕೋಣೆ ಕೋಣೆಗೂ ಚಿತ್ರ ಬರೆದು ಆರು ಹಾಳೆಯ ಪ್ಲಾನ್ ಬಂತು. ಹಾಲ್‌ನಲ್ಲಿ ಸೀಲಿಂಗಿನ ಅಂಚಿನಲ್ಲಿ ಅಡಗಿದ ಹಳದಿ ಬೆಳಕು. ಊಟದ ಮೇಜಿನ ಮೇಲೆ ಒಂದೇ ಒಂದು ತೂಗುದೀಪ. ಮಲಗುವ ಕೋಣೆಯಲ್ಲಿ ಮಂದ ಬೆಳಕು. ಕೋಣೆಗಳ ನಡುವಿನ ಓಣಿಯಲ್ಲಿ ನೆಲದ ಹತ್ತಿರ ತೆಳ್ಳಗಿನ ಒಂದು ಗೆರೆ, ಅಷ್ಟೇ.

"ಬೆಳಕು ಕಾಣ್ಬೇಕು ವನಿತಾ, ಬಲ್ಬು ಕಾಣ್ಬಾರ್ದು," ಎಂದು ಫೋನಿನಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

"ಆಯ್ತು, ಚೆಂದ ಉಂಟು," ಎಂದು ನಾನೂ ದಿನಕ್ಕೊಮ್ಮೆ ಹೇಳುತ್ತಿದ್ದೆ. ಹೇಳಿ ಫೋನಿಟ್ಟ ಮೇಲೆ ಆ ಹಾಳೆಗಳನ್ನು ನೋಡಲಿಕ್ಕೇ ಹೆದರಿಕೆಯಾಗುತ್ತಿತ್ತು. ಏಕೆಂದರೆ ಆ ಪ್ಲಾನಿನ ಮನೆಯಲ್ಲಿ ಸಂಜೆ ಆರರ ನಂತರ ನನಗೆ ಏನೂ ಕಾಣುವುದಿಲ್ಲ.

ನನ್ನ ಕಣ್ಣಿನ ವಿಷಯ ನನ್ನ ಅಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಗಲು ನಾನು ಸೂಜಿಗೆ ನೂಲು ಪೋಣಿಸುವವಳೇ. ಮಬ್ಬು ಕವಿದರೆ ಎದುರಿನ ಮೆಟ್ಟಿಲೂ ಇಲ್ಲ, ಮನುಷ್ಯರೂ ಇಲ್ಲ. ಮದುವೆಗೆ ಮೊದಲು ಅದು ಸ್ವಲ್ಪವೇ ಇತ್ತು. "ಇದನ್ನೆಲ್ಲ ಹುಡುಗನ ಕಡೆಯವರಿಗೆ ಹೇಳ್ಲಿಕ್ಕೆ ಹೋಗ್ಬೇಡ," ಎಂದು ಮೂಡುಬಿದಿರೆಯ ಮನೆಯಲ್ಲಿ ಅಮ್ಮ ಬಾಗಿಲು ಹಾಕಿಕೊಂಡು ಹೇಳಿದ್ದಳು. ಆಮೇಲೆ ಡಾಕ್ಟರಲ್ಲಿ ತೋರಿಸಿದೆ. ಕಣ್ಣಿನ ಒಳಪರದೆಯ ತೊಂದರೆ, ಬದಿಯ ನೋಟವೂ ನಿಧಾನವಾಗಿ ಕಡಿಮೆಯಾಗಬಹುದು, ಎಷ್ಟು ಬೇಗ ಎಂದು ಹೇಳಲಾಗುವುದಿಲ್ಲ ಎಂದರು. ಆ ಚೀಟಿಯನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟೆ.

ಹರೀಶ್ ರಜೆಯಲ್ಲಿ ಬಂದಾಗ ಸಂಜೆ ನನಗೆ ತಲೆನೋವು ಬರುತ್ತಿತ್ತು, ಇಲ್ಲವೇ ಯಾರದೋ ಬ್ಲೌಸ್ ಅರ್ಜೆಂಟ್ ಇರುತ್ತಿತ್ತು. ಮದುವೆ ರಿಸೆಪ್ಷನ್ನಿಗೆ ಹೋಗಲೇಬೇಕಾದರೆ ಅವರ ತೋಳು ಹಿಡಿದೇ ನಡೆಯುತ್ತಿದ್ದೆ. ಪ್ರೀತಿ ಎಂದು ಅವರು ತಿಳಿದುಕೊಂಡಿದ್ದರು. ಪ್ರೀತಿಯೂ ಇತ್ತು ಅನ್ನಿ. ಹೀಗೆ ಹತ್ತು ವರ್ಷ ದಾಟಿಸಿದೆ. ಆದರೆ ಹೊಸ ಮನೆ ಆದ ಮೇಲೆ ಅವರು ಅಲ್ಲಿಯ ಕೆಲಸ ಬಿಟ್ಟು ಬಂದು ಊರಲ್ಲೇ ಹೋಟೆಲ್ ಇಡುವವರಿದ್ದರು. ಇನ್ನು ದಿನಾ ಸಂಜೆ ತಲೆನೋವು ಬಂದರೆ ಯಾರು ನಂಬುತ್ತಾರೆ?

ವೈರಿಂಗ್‌ಗೆ ಬಂದವರು ಕಕ್ಕಿಂಜೆ ಕಡೆಯ ಹಸನಾಕ. ಅರವತ್ತರ ಆಸುಪಾಸು, ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲು. ಅವರೂ ಹದಿನೈದು ವರ್ಷ ಗಲ್ಫಿನಲ್ಲಿ ಎತ್ತರದ ಕಟ್ಟಡಗಳಿಗೆ ವೈರು ಎಳೆದು ಬಂದವರು. ಹರೀಶರ ಆರು ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಮಡಚಿ ಕಲ್ಲಿನ ಕೆಳಗೆ ಇಟ್ಟರು.

"ಪೇಪರಿಗೆ ಒಳ್ಳೆದುಂಟು. ಇನ್ನು ಮನೆಗೆ ಹೇಗೆ ಆಗ್ತದೆ ನೋಡುವ," ಎಂದರು. "ಅಕ್ಕ, ನಿಮ್ಮ ಅಂಗಡಿಯ ಚೀಲ ಕೈಯಲ್ಲಿ ಹಿಡ್ಕೊಳ್ಳಿ. ಹೊರಗೆ ಹೋಗಿ, ಕಣ್ಣು ಮುಚ್ಚಿ ಒಳಗೆ ಬನ್ನಿ."

"ಎಂಥಕ್ಕೆ?"

"ನಿಮ್ಮ ಕೈ ಎಲ್ಲಿ ಹೋಗ್ತದೋ ಅಲ್ಲಿ ನನ್ನ ಸ್ವಿಚ್. ಮೂಡುಬಿದಿರೆಯಲ್ಲಿ ಒಂದು ಮನೆಗೆ ಪ್ಲಾನ್ ನೋಡಿಯೇ ಪಾಯಿಂಟ್ ಇಟ್ಟೆ. ಕೊನೆಗೆ ವಾಸ್ತುವಿನವ ಬಂದು ಬಾಗಿಲನ್ನು ಆಚೆ ಬದಿಗೆ ತೆರೆಯುವ ಹಾಗೆ ಮಾಡಿಸಿದ. ಈಗ ಆ ಮನೆಯವರು ದಿನಾ ಬಾಗಿಲ ಹಿಂದೆ ಹೊಕ್ಕು ಲೈಟ್ ಹಾಕ್ತಾರೆ. ನನ್ನನ್ನು ಪೇಟೆಯಲ್ಲಿ ಕಂಡರೆ ಆ ಅಮ್ಮ ಮೀನು ತಗೊಳ್ಳುವುದು ಬಿಟ್ಟು ಬೈತಾರೆ ಮಾರಾಯ್ತಿ."

ಮೇಸ್ತ್ರಿ ಬಿಟ್ಟುಹೋದ ಬಕೆಟಿನಲ್ಲಿ ಸುಣ್ಣದ ನೀರು ಕಲಸಿ ಇಟ್ಟು, ಬಲಗೈ ಅದ್ದಿಕೊಳ್ಳಲು ಹೇಳಿದರು. ಎಡಗೈಯಲ್ಲಿ ಚೀಲ. ನನಗೆ ನಗು ಬಂತು. ಆದರೂ ಕಣ್ಣು ಮುಚ್ಚಿ ಹೊಸ್ತಿಲು ದಾಟಿದೆ. ಕೈ ತನ್ನಷ್ಟಕ್ಕೆ ಎದ್ದು ಗೋಡೆಗೆ ಅಂಟಿತು. ಕಣ್ಣು ಬಿಟ್ಟು ನೋಡಿದರೆ ಕೆಂಪುಕಲ್ಲಿನ ಮೇಲೆ ಐದು ಬೆರಳು ಸಮೇತ ಬಿಳಿಯ ನನ್ನದೇ ಅಂಗೈ. ಪ್ಲಾನಿನಲ್ಲಿ ಸ್ವಿಚ್ ಇದ್ದದ್ದು ಅಲ್ಲಿಂದ ಎರಡು ಮಾರು ಆಚೆ.

ಹಾಗೆ ನಾವು ಕೋಣೆ ಕೋಣೆ ಸುತ್ತಿದೆವು. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಬದುಕಿನಲ್ಲಿ ಕಡಿಮೆ. ಅಡುಗೆಮನೆಯಲ್ಲಿ ಹಸನಾಕ, "ಬೆಳಿಗ್ಗೆ ಬಂದ ಕೂಡ್ಲೆ ಎಂಥ ಮಾಡ್ತೀರಿ?" ಎಂದು ಕೇಳಿದರು. ಇಲ್ಲದ ಒಲೆಯ ಮೇಲೆ ಇಲ್ಲದ ಪಾತ್ರೆ ಇಟ್ಟು ತೋರಿಸಿದೆ. ಇಲ್ಲದ ಹಲಗೆಯ ಮೇಲೆ ತರಕಾರಿ ಹೆಚ್ಚಿದೆ. "ಲೈಟು ನಿಮ್ಮ ಬೆನ್ನ ಹಿಂದೆ ಇದ್ರೆ ನಿಮ್ಮ ನೆರಳೇ ಕತ್ತಿಯ ಮೇಲೆ ಬೀಳ್ತದೆ. ಇಲ್ಲಿ ಎದುರಿಗೇ ಒಂದು ಕೊಡುವ," ಎಂದು ಪೆನ್ಸಿಲಿನಿಂದ ಗೀಟು ಹಾಕಿದರು. ಹೊಲಿಗೆಯ ಮೂಲೆಯಲ್ಲಿ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಬಲಗೈಯ ನೆರಳು ಸೂಜಿಗೆ ಬೀಳದ ಹಾಗೆ ಬೆಳಕು ಎಡದಿಂದ ಬರಬೇಕು ಎಂದರು. ಮಂಚ ಬರುವ ಜಾಗದಲ್ಲಿ ನಾನು ಗೋಣಿಯ ಮೇಲೆ ಮಲಗಿಯೇ ಕೈ ಚಾಚಿದೆ. ಅಲ್ಲೊಂದು ಅಂಗೈ. ಬಚ್ಚಲಿನ ಹೊರಗೊಂದು. ಕಣ್ಣು ಮುಚ್ಚಿಕೊಂಡಿದ್ದಾಗ ಮನೆ ಪೂರ್ತಿ ಆಗಿಹೋಗಿತ್ತು. ಪರದೆ ಅಲ್ಲಾಡುವುದು, ಒಲೆಯಲ್ಲಿ ಸಾರು ಕುದಿಯುವುದು, ಆದ್ಯಾ ಮಗ್ಗಿ ಹೇಳುವುದು, ಎಲ್ಲ ನನಗೆ ಕೇಳುತ್ತಿತ್ತು. ನಾನು ಆ ಮನೆಯಲ್ಲಿ ಎಲ್ಲಿಯೂ ಎಡವಲಿಲ್ಲ.

ಕೊನೆಗೆ ಓಣಿ ಉಳಿಯಿತು. ಮಾತಿನ ಭರದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಆ ತುದಿಯಿಂದ ಈ ತುದಿಗೆ ನಡೆದು ಗೋಡೆಗೆ ಕೈ ಒತ್ತಿದೆ.

"ಮುಗೀತು ಅಕ್ಕ, ಕಣ್ಣು ಬಿಡಿ. ತಗೊಳ್ಳಿ, ಕೈ ಒರಸಿಕೊಳ್ಳಿ."

ಕಣ್ಣು ಬಿಟ್ಟೆ. ಮುಚ್ಚಿದಾಗಿನ ಕತ್ತಲೆಯೇ ಇತ್ತು. ಹಸನಾಕ ಎಲ್ಲಿದ್ದಾರೆ, ಏನು ಕೊಡುತ್ತಿದ್ದಾರೆ, ಒಂದೂ ಗೊತ್ತಾಗಲಿಲ್ಲ. ಸುಮ್ಮನೆ ನಿಂತೆ.

"ಕಣ್ಣು ಬಿಡಿ ಅಕ್ಕ."

"ಬಿಟ್ಟಿದ್ದೇನೆ," ಎಂದೆ. ಏನು ಹೇಳಿಬಿಟ್ಟೆ ಎಂದು ಹೇಳಿದ ಮೇಲೆಯೇ ತಿಳಿದದ್ದು.

ಆಮೇಲೆ ಟಾರ್ಚ್ ಹತ್ತಿತು. ನನ್ನ ಮುಖಕ್ಕೆ ಹಿಡಿಯಲಿಲ್ಲ, ನೆಲದ ಮೇಲೆ ಇಟ್ಟರು. ಅವರು ನನ್ನಿಂದ ಮೊಳದಷ್ಟು ದೂರದಲ್ಲಿ ಕೈ ಒರಸುವ ಬೈರಾಸು ಚಾಚಿಕೊಂಡು ನಿಂತಿದ್ದರು. ಅಷ್ಟು ಹೊತ್ತೂ ಹಾಗೇ ಚಾಚಿಕೊಂಡಿದ್ದರೆಂದು ಕಾಣುತ್ತದೆ.

"ಎಷ್ಟು ವರ್ಷ ಆಯ್ತು?" ಎಂದು ಮೆಲ್ಲಗೆ ಕೇಳಿದರು.

ಹತ್ತು ವರ್ಷ ಯಾರಿಗೂ ಹೇಳದ್ದನ್ನು ಅಂದಷ್ಟೇ ಪರಿಚಯವಾದ ಮನುಷ್ಯರಿಗೆ ಪೂರ್ತಿ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ಅಯ್ಯೋ ಪಾಪ ಎನ್ನಲಿಲ್ಲ.

"ಹರೀಶಣ್ಣನಿಗೆ ಗೊತ್ತುಂಟಾ?"

"ಇಲ್ಲ."

"ನಾನು ಹೇಳುವುದಿಲ್ಲ. ಅದು ನನ್ನ ಕೆಲಸ ಅಲ್ಲ. ಆದ್ರೆ ಈ ಪ್ಲಾನಿನಲ್ಲಿ ವೈರ್ ಎಳೀಲಿಕ್ಕೆ ನನ್ನಿಂದ ಆಗುದಿಲ್ಲ ಅಕ್ಕ. ನೀವು ಬೀಳುವ ಮನೆಗೆ ನಾನು ಲೈಟ್ ಕೊಡುದಿಲ್ಲ. ನಾಡಿದ್ದು ಗೋಡೆ ಕೊರೀಲಿಕ್ಕೆ ಬರ್ತೇನೆ. ಅಷ್ಟ್ರೊಳಗೆ ನೀವು ಮಾತಾಡಿ."

ಟಾರ್ಚನ್ನು ನನ್ನ ಕೈಗೆ ಕೊಟ್ಟು, ಪೇಟೆಯವರೆಗೆ ನನ್ನ ಮುಂದೆ ಮುಂದೆ ನಡೆದರು. ತೋಡಿನ ಕಾಲುಸೇತುವೆ ಬಂದಾಗ "ಇಲ್ಲಿ ಸಂಕ," ಎಂದರು, ಅಷ್ಟೇ.

ಮರುದಿನ ಹರೀಶ್ ವೀಡಿಯೊ ಕಾಲ್ ಮಾಡಿ ಗೋಡೆ ತೋರಿಸು ಎಂದರು. ತೋರಿಸಿದೆ. "ಎಂಥದಿದು? ಮಂತ್ರವಾದಿ ಬಂದಿದ್ನಾ?" ಎಂದು ನಕ್ಕರು. ಆ ನಗು ಕೇಳಿ ಸುಳ್ಳು ಹೇಳೋಣ ಎನ್ನಿಸಿದ್ದು ನಿಜ. ಎದುರಿನ ಗೋಡೆಯಲ್ಲಿ ನನ್ನ ಕೈ ಕಾಣುತ್ತಿತ್ತು. ಫೋನನ್ನು ಕಿಟಕಿಯ ಮೇಲಿಟ್ಟು, ಮುಖ ಆಚೆ ತಿರುಗಿಸಿಕೊಂಡು ಎಲ್ಲ ಹೇಳಿದೆ.

"ಹತ್ತು ವರ್ಷ ವನಿತಾ?" ಎಂದರು. ಫೋನ್ ಇಟ್ಟರು.

ಆ ದಿನ ಮತ್ತೆ ಕರೆ ಬರಲಿಲ್ಲ. ಮರುದಿನವೂ ಇಲ್ಲ. ಹಸನಾಕ ಹೇಳಿದ ಹಾಗೆ ಗೋಡೆ ಕೊರೆಯುವ ಕಟ್ಟರ್ ತಂದರು. ನನ್ನ ಮುಖ ನೋಡಿದರು. ಕಟ್ಟರನ್ನು ಚೀಲದಿಂದ ತೆಗೆಯಲೇ ಇಲ್ಲ. "ಗೋಡೆ ಎಲ್ಲಿಗೂ ಹೋಗುದಿಲ್ಲ," ಎಂದು ಹೇಳಿ, ಜಗಲಿಯಲ್ಲಿ ಕೂತು ವೈರಿನ ಪೈಪುಗಳನ್ನು ಅಳತೆಗೆ ಕತ್ತರಿಸುತ್ತಾ ಇದ್ದರು. ನಾನು ಅಂಗಡಿಯಲ್ಲಿ ಒಂದು ಬ್ಲೌಸಿಗೆ ಎರಡೂ ಎಡ ತೋಳು ಹೊಲಿದಿಟ್ಟೆ. ಈ ಮನೆ ಬೇಡ, ಹಳೆಯ ಕೋಣೆಯೇ ಇರಲಿ, ಅವರೊಮ್ಮೆ ಮಾತಾಡಿದರೆ ಸಾಕು ಎಂದು ಎಷ್ಟು ಸಲ ಅಂದುಕೊಂಡೆನೋ.

ಮೂರನೆಯ ದಿನ ಬೆಳಿಗ್ಗೆ ಹೊಸ ಮನೆಯಲ್ಲಿದ್ದಾಗ ಕರೆ ಬಂತು. ಹರೀಶ್ ಕಾಲು ತೋರಿಸಿದರು. ಮೊಣಕಾಲಿನ ಕೆಳಗೆ ಗಾಯಕ್ಕೆ ಪಟ್ಟಿ ಅಂಟಿಸಿತ್ತು.

"ಎಂಥ ಆಯ್ತು?" ಎಂದು ಗಾಬರಿಯಿಂದ ಕೇಳಿದೆ.

"ನಾನೂ ಕಣ್ಣು ಮುಚ್ಚಿ ನಡೆದೆ ಮಾರಾಯ್ತಿ. ನನ್ನದೇ ರೂಮು, ಮಂಚದಿಂದ ಬಾತ್‌ರೂಮಿಗೆ ಎಂಟು ಹೆಜ್ಜೆ. ಜೊತೆಗಿರುವವನ ಮಂಚಕ್ಕೆ ಹೊಡೆದು ಬಿದ್ದೆ." ಫೋನನ್ನು ಕಾಲಿನಿಂದ ಮುಖಕ್ಕೆ ತಿರುಗಿಸಿಕೊಂಡರು. "ನನಗೆ ಸಿಟ್ಟು ಬಂದದ್ದು ಕಣ್ಣಿಗಲ್ಲ. ಹತ್ತು ವರ್ಷ ನೀನು ಒಬ್ಬಳೇ ಹೀಗೆ ನಡೆದೆಯಲ್ಲ, ಅದಕ್ಕೆ. ಹಸನಾಕನಿಗೆ ಹೇಳು, ಕೈ ಇದ್ದಲ್ಲೇ ಸ್ವಿಚ್ ಆಗ್ಲಿ. ಬಲ್ಬು ಕಂಡ್ರೆ ಕಾಣ್ಲಿ."

ಜಗಲಿಗೆ ಓಡಿ ಹೋಗಿ ಹೇಳಿದೆ. ಹಸನಾಕ "ಆಯ್ತು" ಎಂದು ಎದ್ದು ಕಟ್ಟರ್ ಚಾಲೂ ಮಾಡಿದರು. ಆ ಕರ್ಕಶ ಸದ್ದಿನಲ್ಲಿ ನಾನು ಅತ್ತದ್ದು ಯಾರಿಗೂ ಕೇಳಲಿಲ್ಲ. ಪ್ರತಿ ಅಂಗೈಯ ನಡುವೆ ಸ್ವಿಚ್ಚಿನ ಪೆಟ್ಟಿಗೆ ಕೂತಿತು. ಸುತ್ತ ಬೆರಳ ತುದಿಗಳು ಬಿಳಿಯಾಗಿ ಉಳಿದವು. ಓಣಿಯಲ್ಲಿ ಪ್ಲಾನಿನ ಒಂದು ಗೆರೆಯ ಬದಲು ಸಾಲಾಗಿ ನಾಲ್ಕು ದೀಪ ಬಂದವು. ಮೆಟ್ಟಿಲಿನ ಪ್ರತಿ ಹಂತಕ್ಕೂ ಒಂದು ಪುಟ್ಟ ಬೆಳಕು. ಹರೀಶರ ತೂಗುದೀಪವೂ ಬಂತು, ಅದನ್ನು ನಾನೇ ಹಟ ಹಿಡಿದು ಹಾಕಿಸಿದೆ. ಆಮೇಲೆ ಪ್ಲಾಸ್ಟರ್, ಬಣ್ಣ. ಬಿಳಿ ಬೆರಳುಗಳೆಲ್ಲ ಗೋಡೆಯೊಳಗೆ ಮುಚ್ಚಿಹೋದವು.

ಗೃಹಪ್ರವೇಶಕ್ಕೆ ಹಸನಾಕನೂ ಬಂದಿದ್ದರು. ಅಂದು ರಾತ್ರಿ ಆದ್ಯಾಳನ್ನು ಕೂರಿಸಿಕೊಂಡು ನಾನೇ ನನ್ನ ಕಣ್ಣಿನ ವಿಷಯ ಹೇಳಿದೆ. "ನಂಗೆ ಗೊತ್ತುಂಟು. ಅದಕ್ಕೇ ನಾನು ಸಂಜೆ ಮುಂದೆ ನಡೆಯುದು," ಎಂದಳು ಅವಳು. ಅವಳ ತಲೆ ನೇವರಿಸುತ್ತಾ ಎಷ್ಟೋ ಹೊತ್ತು ಕೂತಿದ್ದೆ.

ಈಗ ಹರೀಶ್ ಊರಲ್ಲೇ ಇದ್ದಾರೆ. ನನ್ನ ನೋಟ ಮೊದಲಿಗಿಂತ ಸ್ವಲ್ಪ ಕಿರಿದಾಗಿದೆ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಸಂಜೆ ಅಂಗಡಿಯಿಂದ ಬಂದು ಹೊಸ್ತಿಲು ದಾಟಿದಾಗ ಕೈ ತನ್ನಷ್ಟಕ್ಕೆ ಏಳುತ್ತದೆ, ಬೆಳಕು ಬರುತ್ತದೆ. ಗೋಡೆಯೊಳಗಿರುವ ನನ್ನದೇ ಕೈಯನ್ನು ಮುಟ್ಟಿದ ಹಾಗೆ ಪ್ರತಿ ಸಲವೂ ಅನ್ನಿಸುತ್ತದೆ.

ಹರೀಶ್ ಊರಿಗೆ ಬಂದ ಮೊದಲ ವಾರ, ಒಂದು ಸಂಜೆ ಏಳರ ಹೊತ್ತಿಗೆ ಗುಡುಗಿಗೆ ಕರೆಂಟ್ ಹೋಯಿತು. ಇನ್ವರ್ಟರ್ ಇನ್ನೂ ಬಂದಿರಲಿಲ್ಲ. ಫೋನುಗಳೆಲ್ಲ ಅಡುಗೆಮನೆಯಲ್ಲಿ ಚಾರ್ಜಿಗೆ ಇದ್ದವು, ಎಮರ್ಜೆನ್ಸಿ ದೀಪವೂ ಅಲ್ಲೇ. ಮಲಗುವ ಕೋಣೆಯಲ್ಲಿದ್ದ ಹರೀಶ್ ಏನಕ್ಕೋ ಬಡಿದು ಸದ್ದು ಮಾಡಿದರು. ನಾನು ಎದ್ದು ಅವರ ಕೈ ಹಿಡಿದು ನನ್ನ ಭುಜದ ಮೇಲಿಟ್ಟುಕೊಂಡು ಓಣಿಯಲ್ಲಿ ಅಡುಗೆಮನೆಯ ಕಡೆಗೆ ನಡೆದೆ.

"ಸ್ವಲ್ಪ ನಿಧಾನ, ನನಗೆ ಏನೂ ಕಾಣುದಿಲ್ಲ ಮಾರಾಯ್ತಿ," ಎಂದರು.

"ನನಗೂ ಕಾಣುದಿಲ್ಲ, ಬನ್ನಿ," ಎಂದೆ.